ಹಳೆ ಹಡಗಿನಲ್ಲಿ ಶಂಕರಘಟ್ಟಕ್ಕೂ ಜಾಗವಿರಲಿ

ಭದ್ರಾ ಡ್ಯಾಂನಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂದು ಜುಲೈ ತಿಂಗಳಲ್ಲಿ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಯಾರನ್ನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. 186 ಅಡಿ ತುಂಬಿದರೆ 71.5 ಟಿಎಂಸಿ ನೀರು. ಅದನ್ನು ನಂಬಿಕೊಂಡು ದಾವಣಗೆರೆ, ಹರಿಹರದ ನಾಲೆಯಂಚಿನವರೆಗೆ ಲಕ್ಷ ಹೆಕ್ಟೇರಿಗೂ ಮಿಕ್ಕಿದ ಗದ್ದೆ, ತೋಟ. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದು ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಕೂಡುವ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು, ನಾಲೆಯನ್ನು ನಿಲ್ಲಿಸಿ ನಿಲ್ಲಿಸಿ ಬಿಡುವ ಆನ್-ಆಫ್ ಪದ್ಧತಿಯ ಮಾತು ಬಂದಾಗ ದಾವಣಗೆರೆ ಭಾಗದ ರೈತರು ರಸ್ತೆಗಿಳಿದದ್ದು ಹಲವರಿಗೆ ನೆನಪಿದೆ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆ ವರ್ಷದ್ದು. ಜಗಳ ನಡೆದದ್ದು ನಾಲೆಯ ತೂಬಿನ ಬಳಿ. ಜಗಳದ ಮೂಲ ಇದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಕಡಲ ಮೇಲೆ. ಆದ್ದರಿಂದ ಈ ಲೇಖನದ ವಾದ ಒಂದೇ: ನಮ್ಮ ದೇಶದ ಸಾಗರ ಸಂಶೋಧನಾ ಹಡಗುಗಳಲ್ಲಿ ಹಳೆಯದಾದವನ್ನು ಗುಜರಿಗೆ ಕಳಿಸುವ ಮುನ್ನ, ಮೈ ಗಟ್ಟಿ ಇರುವುದನ್ನು ದುರಸ್ತಿ ಮಾಡಿ, ಅದರ ಯಾನದ ದಿನಗಳಲ್ಲಿ ಒಂದು ಪಾಲನ್ನು ಕಡಲಿಲ್ಲದ ಜಿಲ್ಲೆಗಳ ವಿಶ್ವವಿದ್ಯಾಲಯಗಳಿಗೆ ತೆಗೆದಿಡಬೇಕು. ಭದ್ರಾವತಿಯ ಮಗ್ಗುಲಲ್ಲೇ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯಕ್ಕೆ ಆ ಪಾಲಿನಲ್ಲಿ ನ್ಯಾಯವಾದ ಹಕ್ಕಿದೆ.

ಹಳೆ ಹಡಗು ಎಂದಾಕ್ಷಣ ಮೂಗು ಮುರಿಯುವವರು ಸಾಗರ ವಿಜ್ಞಾನದ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಬೇಕು. ಈ ವಿಜ್ಞಾನ ಶುರುವಾದದ್ದೇ ದುರಸ್ತಿಯಾದ ಹಡಗಿನಲ್ಲಿ. 1872ರಲ್ಲಿ ಬ್ರಿಟಿಷ್ ನೌಕಾಪಡೆಯ ಚಾಲೆಂಜರ್ ಎಂಬ ಯುದ್ಧನೌಕೆಯಿಂದ ಎರಡನ್ನು ಬಿಟ್ಟು ಉಳಿದ ತೋಪುಗಳನ್ನೆಲ್ಲ ಇಳಿಸಿ, ಆ ಜಾಗದಲ್ಲಿ ಪ್ರಯೋಗಾಲಯ ಕಟ್ಟಿದರು. ಮೂರೂವರೆ ವರ್ಷ ಅದು ಜಗತ್ತನ್ನು ಸುತ್ತಿ ತಂದ ಮಾಹಿತಿ 50 ಸಂಪುಟಗಳಾಯಿತು. ಫ್ರಾನ್ಸಿನ ಕಡಲ ಅನ್ವೇಷಕ ಜಾಕ್ ಕೂಸ್ಟೋ ಅವರ ಕ್ಯಾಲಿಪ್ಸೊ ಮಹಾಯುದ್ಧ ಕಾಲದ ಮೈನ್ ತೆಗೆಯುವ ಹಡಗಾಗಿತ್ತು. 1960ರ ದಶಕದ ಮೊದಲ ಭಾಗದಲ್ಲಿ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನಕ್ಕೆ ಅಮೆರಿಕ ಕಳಿಸಿದ ಆಂಟನ್ ಬ್ರೂನ್, ಅದಕ್ಕೂ ಮೊದಲು ಅಧ್ಯಕ್ಷ ಟ್ರೂಮನ್ ಅವರ ವಿಹಾರನೌಕೆ. ಅದೇ ಯಾನದಲ್ಲಿ ಭಾರತದ ಪರವಾಗಿ ಕಡಲಿಗಿಳಿದದ್ದು ಐಎನ್‌ಎಸ್ ಕಿಸ್ತ್ನಾ. ನಮ್ಮ ತುಂಗಭದ್ರೆ ಹೋಗಿ ಸೇರುವ ಕೃಷ್ಣೆಯ ಹೆಸರು ಹೊತ್ತ, ಎರಡನೇ ಮಹಾಯುದ್ಧದ ಕಾಲದ ಸಮರನೌಕೆ ಅದು. ಆ ಯಾನದ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಆ ಸಂಸ್ಥೆಗೆ ಸಿಕ್ಕ ದೇಶದ ಮೊದಲ ಸಾಗರ ಸಂಶೋಧನಾ ಹಡಗು ಗವೇಷಣಿ ಕೂಡ ಹೊಚ್ಚ ಹೊಸದೇನಾಗಿರಲಿಲ್ಲ. ಬಂದರಿನ ಹೂಳು ಸಾಗಿಸುವ ಒಂದು ಹಾಪರ್ ಬಾರ್ಜನ್ನು ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ಮಾರ್ಪಡಿಸಿ 1976ರಲ್ಲಿ ನೀರಿಗಿಳಿಸಿದರು. ಸುಮಾರು ಐದು ವರ್ಷಗಳ ಬಳಿಕ, 1981ರ ಜನವರಿ 26ರಂದು, ಆ ಹೂಳಿನ ದೋಣಿಯೇ ಹಿಂದೂ ಮಹಾಸಾಗರದ ತಳದಿಂದ ಬಹುಲೋಹ ಗಂಟುಗಳನ್ನು ಮೇಲೆತ್ತಿತು. 1987ರಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ಆ ಗಂಟುಗಳ ಶೋಧಕ್ಕೆ ಭಾರತಕ್ಕೆ ಸಿಕ್ಕ ಪ್ರವರ್ತಕ ಹೂಡಿಕೆದಾರನ ಸ್ಥಾನದ ಬೇರು ಅಲ್ಲಿದೆ.

ಈಚಿನ ಉದಾಹರಣೆಗಳೂ ಇದೇ ಮಾತು ಹೇಳುತ್ತವೆ. ತೈಲಬಾವಿ ಕೊರೆಯಲು 1978ರಲ್ಲಿ ಕಟ್ಟಿದ ಹಡಗೊಂದನ್ನು 1984ರಲ್ಲಿ ವಿಜ್ಞಾನಕ್ಕೆ ಮಾರ್ಪಡಿಸಿ ಜಾಯ್ಡ್ಸ್ ರೆಸಲ್ಯೂಷನ್ ಎಂದು ಕರೆದರು. 2006ರಲ್ಲಿ ಅದು ನಮ್ಮ ಕೃಷ್ಣಾ-ಗೋದಾವರಿ ಕೊಳ್ಳದ ಕಡಲತಳ ಕೊರೆಯಿತು. 2014-15ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಮುಂಗಾರಿನ ಪ್ರಾಚೀನ ಚರಿತ್ರೆ ಹುಡುಕಿತು. 2015ರಲ್ಲಿ ಅರಬ್ಬಿ ಸಮುದ್ರದ ಲಕ್ಷ್ಮಿ ಕೊಳ್ಳಕ್ಕೆ ಬಂತು. ಅಮೆರಿಕದ ಶ್ಮಿಟ್ ಓಷನ್ ಸಂಸ್ಥೆ 2021ರಲ್ಲಿ ಪೋಲಾರ್ ಕ್ವೀನ್ ಎಂಬ ತೈಲೋದ್ಯಮದ ಸಹಾಯಕ ಹಡಗನ್ನು ಕೊಂಡು, ಸ್ಪೇನಿನ ವೀಗೊದಲ್ಲಿ ಒಳಗನ್ನೆಲ್ಲ ಹೊಸದು ಮಾಡಿಸಿ, 2023ರಲ್ಲಿ ಫಾಲ್ಕರ್ ಟೂ ಎಂದು ಯಾನಕ್ಕೆ ಬಿಟ್ಟಿತು. ಇಲ್ಲಿ ನಾವು ಗಮನಿಸಬೇಕಾದದ್ದು ಹಡಗಿನ ಉದ್ದಗಲವನ್ನಲ್ಲ, ಅದರ ಕರಾರನ್ನು. ಆಯ್ಕೆಯಾದ ವಿಜ್ಞಾನಿಗಳಿಗೆ ಆ ಹಡಗಿನ ದಿನಗಳು ಉಚಿತ. ಬದಲಿಗೆ ಅವರು ಕಲೆಹಾಕಿದ ಮಾಹಿತಿಯನ್ನು ಎಲ್ಲರಿಗೂ ತೆರೆದಿಡಬೇಕು. ಯಾರಿಗೆ ಹಡಗು ಸಿಗುತ್ತದೆ, ಸಿಕ್ಕಿದ್ದನ್ನು ಅವರು ಯಾರೊಡನೆ ಹಂಚಿಕೊಳ್ಳುತ್ತಾರೆ ಎಂಬ ಈ ಎರಡು ಪ್ರಶ್ನೆಗಳ ಮುಂದೆ ಹಡಗಿನ ಹುಟ್ಟಿದ ದಿನಾಂಕ ಸಣ್ಣ ವಿಷಯ.

ಶಿವಮೊಗ್ಗಕ್ಕೆ ಇದರಲ್ಲಿ ಏನು ಕೆಲಸ ಎಂದು ಕೇಳುವವರು ಇದ್ದಾರೆ. ಕಡಲು ಘಟ್ಟದ ಕೆಳಗೆ, ನಾವು ಘಟ್ಟದ ಮೇಲೆ ಎಂಬ ಈ ವಿಂಗಡಣೆ ನಕ್ಷೆಯಲ್ಲಿ ಸರಿ, ಮಳೆಯಲ್ಲಿ ತಪ್ಪು. 2019ರ ಆಗಸ್ಟಿನಲ್ಲಿ ಗಾಜನೂರಿನಿಂದ ಬಿಟ್ಟ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದಾಗ, ಕೋರ್ಪಲಯ್ಯನ ಛತ್ರದ ಬಳಿ ಮಂಟಪ ಮುಳುಗಿತೇ ಎಂದು ನೋಡಲು ಜನ ಸೇತುವೆಯ ಮೇಲೆ ನಿಂತಿದ್ದರು. ಭದ್ರಾವತಿಯಲ್ಲಿ ಡ್ಯಾಂ ಗೇಟು ಎತ್ತಿದರೆ ಊರ ನಡುವಿನ ಸೇತುವೆಯೇ ನೀರಿನಡಿ ಹೋಗುತ್ತದೆ. ಆಗುಂಬೆ, ಹುಲಿಕಲ್ಲಿನಲ್ಲಿ ಸುರಿಯುವ ಮುಂಗಾರು ಮಳೆ ಅರಬ್ಬಿ ಸಮುದ್ರದ ಮೇಲಿಂದ ಹಾದು ಬಂದ ಗಾಳಿ ಹೊತ್ತು ತಂದದ್ದು. ಆ ಸಮುದ್ರ ಬಿಸಿಯೇರುತ್ತಿದೆ. ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿದ್ದಕ್ಕೂ ಅರಬ್ಬಿ ಸಮುದ್ರದ ತೇವಾಂಶದ ಏರಿಳಿತಕ್ಕೂ ನಂಟಿದೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಂಶೋಧಕರು 2017ರಲ್ಲೇ ತೋರಿಸಿದ್ದಾರೆ. ನಮ್ಮ ಅಡಿಕೆ ಬೆಳೆಗಾರನಿಗೆ ಬೇಕಾದದ್ದು ಇನ್ನೂ ಸೂಕ್ಷ್ಮವಾದ ತಿಳಿವಳಿಕೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಅವನಿಗೆ ಮಳೆಯ ನಡುವೆ ಒಂದಷ್ಟು ಹೊಳವಾದ ದಿನಗಳು ಬೇಕು. ಹೊಡೆದ ದ್ರಾವಣ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಂದರೆ ದುಡ್ಡೂ ದುಡಿಮೆಯೂ ತೊಳೆದುಹೋಗುತ್ತವೆ. ಮಳೆ ಯಾವಾಗ ಬಿಡುವು ಕೊಡುತ್ತದೆ, ಯಾವಾಗ ಮತ್ತೆ ಹಿಡಿಯುತ್ತದೆ ಎಂಬ ಆ ಲಯವನ್ನು 1980ರಲ್ಲಿ ಉಪಗ್ರಹ ಚಿತ್ರಗಳಲ್ಲಿ ಗುರುತಿಸಿ, ಮೋಡಗಳ ಪಟ್ಟಿ ಹಿಂದೂ ಮಹಾಸಾಗರದಿಂದ ಉತ್ತರಕ್ಕೆ ಸರಿಯುತ್ತದೆ ಎಂದು ತೋರಿಸಿದವರು ಡಿ.ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್. ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ದೊಡ್ಡ ಮೋಡಗಳು ಚೆನ್ನಾಗಿ ಏಳುತ್ತವೆ ಎಂಬುದನ್ನು 1984ರಲ್ಲಿ ಹೇಳಿದ ತಂಡದಲ್ಲೂ ಗಾಡ್ಗೀಳ್ ಇದ್ದರು. ಅದೇ ವಿಜ್ಞಾನಿ ಪಾವಗಡದ ಶೇಂಗಾ ರೈತರೊಡನೆ ಕುಳಿತು ಬಿತ್ತನೆಯ ದಿನಗಳ ಲೆಕ್ಕ ಹಾಕಿದರು. ಕಡಲನ್ನೂ ಹೊಲವನ್ನೂ ಒಂದೇ ಪ್ರಶ್ನೆಯಾಗಿ ನೋಡಿದ ಆ ಕೆಲಸ ನಡೆದದ್ದು ಅಲೆಯ ಸದ್ದು ಕೇಳದ ಊರಿನಲ್ಲಿ.

ಕಡಲು ನಮಗೆ ಮಳೆ ಕೊಡುತ್ತದೆ, ನಾವು ಕಡಲಿಗೆ ಮಣ್ಣು ಕೊಡುತ್ತೇವೆ. ಈ ಎರಡನೇ ಮಾತಿನ ಬಗ್ಗೆ ಮಲೆನಾಡಿನಲ್ಲಿ ಯಾರೂ ಯೋಚಿಸಿದಂತಿಲ್ಲ. ಕೂಡ್ಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ, ಕೃಷ್ಣೆಯ ಜೊತೆಗೂಡಿ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತವೆ. 2024ರ ನವೆಂಬರಿನಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಶೃಂಗೇರಿಯಿಂದ ಕಿಷ್ಕಿಂಧೆಯತ್ತ ಪಾದಯಾತ್ರೆ ನಡೆಯಿತು. ಪಾದಯಾತ್ರೆಗೆ ಕೊನೆಯ ಊರಿದೆ, ನದಿ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ಕಳೆದುಹೋದ ಜಾಗದಲ್ಲಿ ತುಂಬಿರುವ ಹೂಳಿನಲ್ಲಿ ನಮ್ಮ ಗುಡ್ಡಗಳ ಮಣ್ಣೂ ಇದೆ, 2005ರ ಕೊನೆಗೆ ನಿಂತ ಕುದುರೆಮುಖದ ಗಣಿಯಿಂದ ಭದ್ರೆಗೆ ಇಳಿದದ್ದೂ ಇದೆ. ಡ್ಯಾಂಗಳಿಗಿಂತ ಮುಂಚಿನ ಸಾವಿರಾರು ವರ್ಷಗಳ ಮಣ್ಣು ಮಾತ್ರ ಕೊಲ್ಲಿಯ ತಳದಲ್ಲಿ ಪದರ ಪದರವಾಗಿ ಮಲಗಿದೆ. ಅದನ್ನು ಓದುವ ಬಗೆ ಹೀಗೆ: ತೂಕ ಕಟ್ಟಿದ ಉದ್ದನೆಯ ಉಕ್ಕಿನ ಕೊಳವೆಯನ್ನು ಹಡಗಿನಿಂದ ಕಡಲತಳಕ್ಕೆ ಬಿಡುತ್ತಾರೆ. ಕೊಳವೆ ಕೆಸರಿಗೆ ಇಳಿದು ತುಂಬಿಕೊಂಡು ಮೇಲೆ ಬರುತ್ತದೆ. ಆ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ದಾಖಲೆಗೆ ಇಟ್ಟು, ಉಳಿದರ್ಧವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ಚೀಲಕ್ಕೆ ಹಾಕುತ್ತಾರೆ. ಆಮೇಲೆ ಅದನ್ನು ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಸಾಸಿವೆಗಿಂತ ಚಿಕ್ಕ ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಬೇಕು. ಗೋದಾವರಿಯ ಮುಖದೆದುರು 2006ರಲ್ಲಿ ತೆಗೆದ ಅಂಥದೊಂದು ಕೆಸರಿನ ಕಂಬದಲ್ಲಿ ಉಳಿದಿದ್ದ ಎಲೆಗಳ ಮೇಣವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಸುಮಾರು 4,000 ವರ್ಷಗಳಿಂದೀಚೆಗೆ ದಖ್ಖನ್ನಿನ ಸಸ್ಯವರ್ಗ ಒಣಹವೆಯ ಜಾತಿಗಳತ್ತ ವಾಲಿದ್ದನ್ನು 2012ರಲ್ಲಿ ಪ್ರಕಟಿಸಿದರು. ಕೃಷ್ಣೆಯ ಮುಖದೆದುರಿನ ಕೆಸರನ್ನು ತುಂಗೆ-ಭದ್ರೆಯ ನೆಲದಲ್ಲಿ ಕುಳಿತು ಓದುವುದಕ್ಕಿಂತ ಸಹಜವಾದ ಕೆಲಸ ಇನ್ನೇನಿದೆ? ಹಡಗಿನಲ್ಲಿ ಹದಿನೈದು ದಿನ ಕಳೆದು ತಂದ ಚೀಲಗಳು ಶಂಕರಘಟ್ಟದ ಅನ್ವಯಿಕ ಭೂವಿಜ್ಞಾನ, ಪರಿಸರ ವಿಜ್ಞಾನ ವಿಭಾಗಗಳಿಗೆ ಹತ್ತು ವರ್ಷದ ಕೆಲಸ ಕೊಡಬಲ್ಲವು.

ಉಪಗ್ರಹಗಳಿವೆ, ತೇಲುಯಂತ್ರಗಳಿವೆ, ಹಡಗು ಯಾಕೆ ಎಂಬುದು ತಿಳಿದವರ ಆಕ್ಷೇಪ, ಮತ್ತು ಅದರಲ್ಲಿ ಹುರುಳಿದೆ. ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ಉಷ್ಣತೆ, ಉಪ್ಪಿನಂಶದ ಲೆಕ್ಕ ಕಳಿಸುತ್ತವೆ. ಹಡಗುಗಳ ಒಂದು ಶತಮಾನದ ದುಡಿಮೆಗಿಂತ ಹೆಚ್ಚಿನ ಅಂಕಿಗಳನ್ನು ಅವು ಕೊಟ್ಟಿವೆ. ಆದರೆ ಆ ಯಂತ್ರಗಳನ್ನು ದೂರದ ಕಡಲಿಗೆ ಒಯ್ದು ಬಿಡುವುದು ಹಡಗೇ, ಅವುಗಳ ಅಳತೆ ಸರಿಯೇ ಎಂದು ತಾಳೆ ನೋಡುವುದೂ ಹಡಗಿನಿಂದ ತೆಗೆದ ನೀರಿನಲ್ಲೇ. ಮುಂಗಾರಿನ ದಿನಗಳಲ್ಲಿ ಮೋಡ ಕವಿದ ಕಡಲಿನ ಶಾಖವನ್ನು ಉಪಗ್ರಹದ ಅವಕೆಂಪು ಕಣ್ಣು ಕಾಣದು. ಮೈಕ್ರೋವೇವ್ ಕಣ್ಣು ಕಂಡರೂ ಬರೀ ಮೇಲುಮೈಯನ್ನು ಕಾಣುತ್ತದೆ. ಕೆಸರನ್ನಂತೂ ಯಾವ ಉಪಗ್ರಹವೂ ಮೇಲೆತ್ತಲಾರದು. 1999ರ ಬಾಬ್‌ಮೆಕ್ಸ್ ಪ್ರಯೋಗದಲ್ಲಿ ಸಾಗರ್ ಕನ್ಯಾ ಹಡಗು ಬಂಗಾಳ ಕೊಲ್ಲಿಯಲ್ಲಿ ನಿಂತು ಗಾಳಿ-ನೀರಿನ ನಡುವಣ ಶಾಖದ ವಿನಿಮಯವನ್ನು ಅಳೆಯಿತು. 2002ರ ಆರ್ಮೆಕ್ಸ್ ಪ್ರಯೋಗವನ್ನು ಹೂಡಿದ್ದೇ ಪಶ್ಚಿಮ ಕರಾವಳಿಯ ಭಾರಿ ಮಳೆಯನ್ನು ಅರಿಯಲು. ಆ ಜುಲೈನಲ್ಲಿ ದೇಶದ ಮಳೆ ಅರ್ಧಕ್ಕರ್ಧ ಕಡಿಮೆಯಾಗಿ, ಮಳೆ ಅಳೆಯಲು ಹೋದವರು ಬರವನ್ನು ಅಳೆದು ಬಂದರು. ಆ ಅಳತೆಯೂ ಬೆಲೆಯುಳ್ಳದ್ದೇ, ಯಾಕೆಂದರೆ ಅಂಥ ಜುಲೈ ಬರುತ್ತದೆ ಎಂದು ಯಾವ ಮಾದರಿಯೂ ಮುಂಚೆ ಹೇಳಿರಲಿಲ್ಲ. ಮರು ವರ್ಷದ ಕಂತಿನಲ್ಲಿ ಕೇರಳ-ಕರ್ನಾಟಕದ ಮುಂದಿನ ಕಡಲಲ್ಲಿ ಮುಂಗಾರಿಗೆ ಮೊದಲು ಮೂಡುವ ಬೆಚ್ಚನೆಯ ನೀರಿನ ಮಡುವನ್ನು ಹತ್ತಿರದಿಂದ ಪರಿಶೀಲಿಸಿದರು. ನಮ್ಮ ಗದ್ದೆಗೆ ಬರುವ ಮೊದಲ ಮಳೆಯ ಕಥೆ ಆ ಮಡುವಿನಲ್ಲಿ ಶುರುವಾಗುತ್ತದೆ.

ಹಳೆ ಹಡಗಿಗೆ ಹಣ ಸುರಿಯುವುದು ತಿಳಿಗೇಡಿತನ ಎಂಬ ವಾದಕ್ಕೆ ಅರ್ಧ ಒಪ್ಪಿಗೆ ಕೊಡಲೇಬೇಕು. ಹಳೆ ಎಂಜಿನ್ ಹೆಚ್ಚು ಎಣ್ಣೆ ಕುಡಿಯುತ್ತದೆ, ಬಿಡಿಭಾಗ ಸಿಗುವುದಿಲ್ಲ, ಯಾನದ ನಡುವೆ ವಿಂಚ್ ಕೆಟ್ಟರೆ ಇಪ್ಪತ್ತು ಜನರ ಇಡೀ ವರ್ಷದ ತಯಾರಿ ನೀರುಪಾಲು. ಸಾಗರ್ ಕನ್ಯಾ 1983ರಲ್ಲಿ ಜರ್ಮನಿಯಿಂದ, ಸಾಗರ್ ಸಂಪದಾ ಅದರ ಮರುವರ್ಷ ಡೆನ್ಮಾರ್ಕ್‌ನಿಂದ ಬಂದವು; ನಾಲ್ಕು ದಶಕ ಉಪ್ಪುನೀರಿನಲ್ಲಿದ್ದ ತಗಡನ್ನು ಕಣ್ಣುಮುಚ್ಚಿ ನಂಬಲಾಗದು. ಹಾಗೆಂದು ಕಣ್ಣುಮುಚ್ಚಿ ಒಡೆಯಲೂ ಬೇಕಿಲ್ಲ. ಹಡಗನ್ನು ಒಣಕಟ್ಟೆಗೆ ಏರಿಸಿ, ಶ್ರವಣಾತೀತ ಯಂತ್ರದಿಂದ ತಗಡಿನ ದಪ್ಪವನ್ನು ಚದರ ಚದರವಾಗಿ ಅಳೆದು, ಸವೆದಲ್ಲಿ ಕತ್ತರಿಸಿ ಹೊಸದು ಬೆಸೆಯುವುದು ಹಡಗು ಉದ್ಯಮದ ದಿನನಿತ್ಯದ ಕೆಲಸ. ಮೈ ಸೋತಿದೆ ಎಂದು ಅಳತೆ ಹೇಳಿದರೆ ಬೇಡ, ಗಟ್ಟಿ ಇದೆ ಎಂದರೆ ದುರಸ್ತಿ. ಹೊಸ ಹಡಗಿನ ಬೆಲೆಯನ್ನೂ ಪಕ್ಕಕ್ಕಿಟ್ಟು ನೋಡಬೇಕು: ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ 2024ರ ಜುಲೈನಲ್ಲಿ ಗಾರ್ಡನ್ ರೀಚ್ ಕಾರ್ಖಾನೆಯೊಡನೆ ಮಾಡಿಕೊಂಡ ಹಡಗಿನ ಒಪ್ಪಂದ ಸುಮಾರು 840 ಕೋಟಿ ರೂಪಾಯಿಯದು. ಅದು ಬೇಕೇ ಬೇಕು, ಆಳಸಾಗರ ಯೋಜನೆಗೆ ಅಂಥ ಹಡಗಿಲ್ಲದೆ ಆಗದು. ಆದರೆ ಅಂಥ ಹಡಗಿನ ದಿನಗಳೆಲ್ಲ ದೊಡ್ಡ ಸಂಸ್ಥೆಗಳ ದೊಡ್ಡ ಯೋಜನೆಗಳಿಗೆ ಮೀಸಲಾಗುವುದು ಖಂಡಿತ. ಎಂ.ಎಸ್ಸಿ. ವಿದ್ಯಾರ್ಥಿ ಕೈಕೆಡಿಸಿಕೊಂಡು ಕಲಿಯಲು, ಸಣ್ಣ ವಿಭಾಗವೊಂದು ಧೈರ್ಯದಿಂದ ಹೊಸ ಪ್ರಶ್ನೆ ಕೇಳಲು ಎರಡನೇ ಸಾಲಿನ ಹಡಗೊಂದು ಬೇಕು.

ಇನ್ನು ಭದ್ರಾವತಿಯ ಆಕ್ಷೇಪ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಉಳಿಸಲು ಕಾಸಿಲ್ಲದ ಸರ್ಕಾರಕ್ಕೆ ಹಡಗು ದುರಸ್ತಿ ಮಾಡಲು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. 1923ರಲ್ಲಿ ವಿಶ್ವೇಶ್ವರಯ್ಯನವರ ಹಠದಿಂದ ಬೆಂಕಿ ಹೊತ್ತಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಬಂದದ್ದು ಸರಿಯಾಗಿ ನೂರನೇ ವರ್ಷದಲ್ಲಿ, 2023ರ ಜನವರಿಯಲ್ಲಿ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು, ಅದೇ ವರ್ಷ ಒಂದು ಭಾಗ ಮತ್ತೆ ಚಾಲೂ ಆಯಿತು. ಪಕ್ಕದ ಕಾಗದ ಕಾರ್ಖಾನೆ 1936ರದು. 2015ರಲ್ಲಿ ನಿಂತದ್ದು ಮತ್ತೆ ಹೊರಳಿಲ್ಲ. ಉಕ್ಕಿನ ಮಂತ್ರಾಲಯದ ಹಣವೂ ಭೂವಿಜ್ಞಾನ ಮಂತ್ರಾಲಯದ ಹಣವೂ ಬೇರೆ ಬೇರೆ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಅದಕ್ಕಿಂತ ಭದ್ರಾವತಿಯ ಅನುಭವವನ್ನೇ ಹಡಗಿಗೆ ಅನ್ವಯಿಸುವುದು ಉಪಯುಕ್ತ. ವಿಐಎಸ್‌ಎಲ್‌ಗೆ ಆಧುನೀಕರಣದ ಭರವಸೆಗಳು ಸಿಕ್ಕವು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ನಂಬಿಕಸ್ತ ಸ್ವಂತ ಗಣಿ ಸಿಗಲಿಲ್ಲ. ಯಂತ್ರ ಇದ್ದೂ ಹೊಟ್ಟೆಗಿಲ್ಲದೆ ಕಾರ್ಖಾನೆ ಸೊರಗಿತು. ಜಾಯ್ಡ್ಸ್ ರೆಸಲ್ಯೂಷನ್ ಹಡಗಿನ ಕೊನೆಯೂ ಇದೇ ಜಾತಿಯದು. ಮುದಿ ಹಡಗಿನ ಮೈ ಸೋಲುವ ಮೊದಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಖರ್ಚಿನ ಲೆಕ್ಕ ಮುಂದಿಟ್ಟು, 2024ರ ಸೆಪ್ಟೆಂಬರ್ ನಂತರ ಒಪ್ಪಂದ ಮುಂದುವರಿಸುವುದಿಲ್ಲ ಎಂದಿತು. ದುರಸ್ತಿಗೆ ಒಮ್ಮೆ ಹಣ ಕೊಟ್ಟು, ರಿಬ್ಬನ್ ಕತ್ತರಿಸಿ, ಡೀಸೆಲ್‌ಗೂ ನಾವಿಕರ ಸಂಬಳಕ್ಕೂ ವರ್ಷ ವರ್ಷ ಅಂಗಲಾಚುವ ಸ್ಥಿತಿ ತರುವುದಾದರೆ ಹಡಗನ್ನು ಒಡೆಯುವುದೇ ಲೇಸು. ಕನಿಷ್ಠ ಹತ್ತು ವರ್ಷದ ಚಾಲನಾ ವೆಚ್ಚವನ್ನು ದುರಸ್ತಿಯ ಆದೇಶದ ಜೊತೆಗೇ ಮಂಜೂರು ಮಾಡಬೇಕು ಎಂದು ಮೊದಲು ಕೇಳುವ ಹಕ್ಕು ಭದ್ರಾವತಿಗಿದೆ.

ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಬೋಧಕರ ಹುದ್ದೆಗಳೇ ಖಾಲಿ ಬಿದ್ದಿರುವಾಗ ಹಡಗಿನಲ್ಲಿ ಹೋಗುವವರು ಯಾರು ಎಂಬುದು ಕೊನೆಯ, ಬಹುಶಃ ಎಲ್ಲಕ್ಕಿಂತ ನಿಜವಾದ ಆಕ್ಷೇಪ. ಕಡಲಿನಿಂದ ದೂರವಿದ್ದದ್ದು ಯಾರಿಗೂ ಅಡ್ಡಿಯಾಗಿಲ್ಲ: ಕಡಲ ಸ್ಥಿತಿಯ ಮುನ್ಸೂಚನೆ ಕೊಡುವ ರಾಷ್ಟ್ರೀಯ ಕೇಂದ್ರ ಇರುವುದು ಹೈದರಾಬಾದಿನಲ್ಲಿ, 2016ರ ಜೂನ್-ಜುಲೈನಲ್ಲಿ ಸಿಂಧು ಸಾಧನಾ ಹಡಗಿನಲ್ಲಿ ಬಂಗಾಳ ಕೊಲ್ಲಿಗೆ ಹೋದ, ಮುಂಗಾರು ಅಧ್ಯಯನದ ಬಾಬಲ್ ಪ್ರಯೋಗದ ಭಾರತೀಯ ತಂಡದ ನೇತೃತ್ವ ಬೆಂಗಳೂರಿನ ಪಿ.ಎನ್. ವಿನಯಚಂದ್ರನ್ ಅವರದು. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಬಲ ಶಂಕರಘಟ್ಟಕ್ಕಿಲ್ಲ, ನಾಳೆಯೇ ಒಂದು ಯಾನವನ್ನು ಮುನ್ನಡೆಸೆಂದರೆ ಅದಕ್ಕಾಗದು. ಯಾನವನ್ನು ಮುನ್ನಡೆಸಬೇಕೆಂದು ಯಾರೂ ಕೇಳುತ್ತಿಲ್ಲ. ಮೊದಲ ವರ್ಷ ಇಬ್ಬರು ವಿದ್ಯಾರ್ಥಿಗಳು ಬೇರೆಯವರ ಯಾನದಲ್ಲಿ ನಾಲ್ಕು ತಾಸಿನ ಪಾಳಿ ಮಾಡಲಿ. ಬಾಟಲಿಗಳ ಚೌಕಟ್ಟು ಆಳದಿಂದ ಮೇಲೆ ಬಂದಾಗ ಮೊದಲು ಆಮ್ಲಜನಕಕ್ಕೆ ನೀರು ಹಿಡಿಯಬೇಕು, ಉಪ್ಪಿನ ಅಳತೆಗೆ ಕೊನೆಗೆ ಎಂಬ ಶಿಸ್ತನ್ನು ನಡುರಾತ್ರಿ ಎರಡು ಗಂಟೆಗೆ, ತೂಗುವ ಹಡಗಿನಲ್ಲಿ, ವಾಕರಿಕೆಯ ನಡುವೆ ಕಲಿಯಲಿ. ಅದು ಪಠ್ಯಪುಸ್ತಕದಲ್ಲಿ ಬರುವ ವಿದ್ಯೆಯಲ್ಲ. ಖಾಲಿ ಹುದ್ದೆಗಳ ವಿಷಯದಲ್ಲಿ ರಾಜ್ಯ ಸರ್ಕಾರದ ಹೊಣೆ ಬೇರೆಯೇ ಇದೆ, ಹಡಗು ಅದಕ್ಕೆ ಪರಿಹಾರವಾಗದು. ಹುದ್ದೆ ತುಂಬುವವರೆಗೆ ಹಡಗಿನ ಮಾತೇ ಬೇಡ ಎಂದರೆ, ತುಂಬಿದ ಮೇಲೂ ಕಲಿಸಲು ಕಡಲು ಕಂಡವರು ಸಿಗುವುದಿಲ್ಲ.

ಕೇಳಬೇಕಾದದ್ದು ಏನೆಂದು ಈಗ ಸ್ಪಷ್ಟವಾಗಿ ಹೇಳಬಹುದು. ಹೊಸ ಹಡಗು ಕೈಗೆ ಬರುವ ಹೊತ್ತಿಗೆ ಹಳೆಯವುಗಳ ತಗಡಿನ ಅಳತೆಯ ವರದಿ ಬಹಿರಂಗವಾಗಬೇಕು. ದುರಸ್ತಿಯಾದ ಹಡಗಿನಲ್ಲಿ ಹತ್ತರಲ್ಲೊಂದು ಪಾಲು ಜಾಗವನ್ನು ಕರಾವಳಿಯಾಚೆಯ ರಾಜ್ಯ ವಿಶ್ವವಿದ್ಯಾಲಯಗಳಿಗೆ ಇಡಬೇಕು, ಅರ್ಜಿ ಕರೆಯುವುದು ವರ್ಷ ಮೊದಲೇ ಆಗಬೇಕು, ಬಂದರಿನವರೆಗಿನ ಪ್ರಯಾಣದ ಖರ್ಚೂ ಅದರಲ್ಲೇ ಸೇರಿರಬೇಕು; ಎಷ್ಟೋ ಬಾರಿ ಬಡ ವಿದ್ಯಾರ್ಥಿ ನಿಂತುಹೋಗುವುದು ರೈಲು ಟಿಕೆಟಿನ ಬಳಿ. ಯಾನದ ಮಾಹಿತಿ ಎರಡು ವರ್ಷದೊಳಗೆ ಎಲ್ಲರಿಗೂ ಸಿಗಬೇಕು. ಮತ್ತು ಕುವೆಂಪು ವಿಶ್ವವಿದ್ಯಾಲಯ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಜೊತೆಗೂಡಿ ಒಂದು ಪ್ರಸ್ತಾವವನ್ನು ಈಗಲೇ ಬರೆದಿಡಬೇಕು: ಕೃಷ್ಣೆಯ ಮುಖದ ಕೆಸರು ಒಂದು, ಮುಂಗಾರಿಗೆ ಮುಂಚಿನ ಅರಬ್ಬಿ ಸಮುದ್ರದ ಬಿಸಿ ಮಡು ಇನ್ನೊಂದು. ಎರಡನೆಯದರಿಂದ ಹೊರಡುವ ಮುನ್ಸೂಚನೆ ಮೇ ತಿಂಗಳ ಕೊನೆಗೆ, ಬೋರ್ಡೋ ದ್ರಾವಣದ ಮೈಲುತುತ್ತು ಕೊಳ್ಳುವ ಮೊದಲೇ, ತೋಟದವರ ಕೈಗೆ ಸಿಗುವಂತೆ ಅದರ ವೇಳಾಪಟ್ಟಿ ಇರಬೇಕು.